ಬರೀ ಶ್ರುತಿಯನ್ನೇ ಒಂದು ಗಂಟೆ ಕೇಳುವುದು: ಡ್ರೋನ್ ಸಂಗೀತಕ್ಕೆ ನೀವು ಕಿವಿ ಕೊಡುವುದು ಹೇಗೆ?

ಮಂದ್ರಷಡ್ಜ

ತಂಬೂರಿ, ಚೀಲದ ಗಾಳಿಯಿಂದ ನುಡಿಯುವ ಬ್ಯಾಗ್‌ಪೈಪ್, ಹಿಡಿ ತಿರುಗಿಸಿ ನುಡಿಸುವ ತಂತಿವಾದ್ಯ ಹರ್ಡಿ ಗರ್ಡಿ, ಊದುವ ವಾದ್ಯಗಳಾದ ಜಪಾನಿನ ಶೋ, ಲಾವೋಸಿನ ಖೇನ್, ಆಸ್ಟ್ರೇಲಿಯಾದ ಯಿಡಾಕಿ (ಡಿಜೆರಿಡೂ ಅನ್ನುವುದೂ ಇದನ್ನೇ). ಇಂಥ ವಾದ್ಯಗಳಲ್ಲಿ ಒಂದೇ ಸ್ವರವನ್ನೋ, ಎರಡು ಮೂರು ಸ್ವರಗಳ ಗೊಂಚಲನ್ನೋ ಹಿಡಿದು ಅರ್ಧ ಗಂಟೆ, ಒಂದು ಗಂಟೆ ಬಿಡದೆ ನುಡಿಸುವ ಪ್ರಯೋಗಶೀಲ ಸಂಗೀತವನ್ನು, ಅಂದರೆ ಡ್ರೋನ್ ಸಂಗೀತವನ್ನು, ಕೇಳುವವರು ಇಲ್ಲಿ ಹಲವರಿದ್ದೀರಿ. ಎಲ್ಲರೂ ಒಂದೇ ಕಡೆ ಕೂತು ಮಾತಾಡೋಣ ಅಂತ ಈ ಎಳೆ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಈ ಸಂಗೀತವನ್ನು ಹೆಚ್ಚಿನವರು ಓದುವಾಗಲೋ ಮಲಗುವಾಗಲೋ ಹಿನ್ನೆಲೆಗೆ ಹಾಕಿಕೊಳ್ಳುತ್ತಾರೆ. ಹಾಗೆ ಕೇಳಿದರೆ ಇದರ ಮುಕ್ಕಾಲು ಪಾಲು ಕಿವಿಗೆ ಬೀಳುವುದೇ ಇಲ್ಲ. ಇಲ್ಲಿ ನುಡಿಸುವವರು ಬೇಕೆಂದೇ ಸುಮ್ಮನಾಗುತ್ತಾರೆ, ವಾದ್ಯದ ಮೈ ತಾನಾಗಿ ಏನು ಮಾಡುತ್ತದೋ ಅದು ಕೇಳಿಸಲಿ ಅಂತ. ಮರ, ಬೆತ್ತ, ತಂತಿ, ಉಸಿರು, ರಾಳ ಇವೆಲ್ಲ ತಮ್ಮ ಪಾಡಿಗೆ ಬದಲಾಗುತ್ತಲೇ ಇರುತ್ತವೆ. ಆ ಬದಲಾವಣೆಯೇ ಇಲ್ಲಿನ ಸಂಗತಿ.

ನಮಗೆಲ್ಲ ಗೊತ್ತಿರುವ ತಂಬೂರಿಯನ್ನೇ ತಗೊಳ್ಳಿ. ಪಂಚಮ, ಎರಡು ಸಾರಣಿ (ಮಧ್ಯ ಷಡ್ಜದ ತಂತಿಗಳು), ಮಂದ್ರ ಷಡ್ಜ, ಇಷ್ಟೇ ನಾಲ್ಕು ತಂತಿ. ಗಾಂಧಾರಕ್ಕೆ ಯಾರೂ ತಂತಿ ಕಟ್ಟಿಲ್ಲ. ಆದರೂ ಶ್ರುತಿ ಚೆನ್ನಾಗಿ ಕೂತಿದ್ದರೆ ಮಂದ್ರ ಷಡ್ಜ ಮೀಟಿದಾಗಲೆಲ್ಲ ಅಂತರ ಗಾಂಧಾರ ಸ್ಪಷ್ಟವಾಗಿ ಏಳುತ್ತದೆ. ಗುರುಗಳು ಸ್ವಯಂಭೂ ಗಾಂಧಾರ ಅಂತ ತೋರಿಸುತ್ತಾರಲ್ಲ, ಅದೇ. ಅದು ಆ ತಂತಿಯ ಐದನೆಯ ಉಪಸ್ವರ, ಅಂದರೆ ಮೂಲಸ್ವರದ ಜೊತೆಗೇ ಹುಟ್ಟುವ, ಅದರ ಐದರಷ್ಟು ವೇಗದಲ್ಲಿ ಕಂಪಿಸುವ ಸ್ವರ. ಮಂದ್ರ ಷಡ್ಜ 110 ಹರ್ಟ್ಸ್ (ಸೆಕೆಂಡಿಗೆ 110 ಕಂಪನ) ಆದರೆ ಈ ಗಾಂಧಾರ 550 ಹರ್ಟ್ಸ್. ಕೀಬೋರ್ಡಿನಲ್ಲಿ ಅದೇ ಜಾಗದ ಮನೆ ಒತ್ತಿದರೆ ಸುಮಾರು 554 ಬರುತ್ತದೆ, ಅಂದರೆ ತುಸು ಏರು. ಎರಡನ್ನೂ ಒಂದರ ಮೇಲೊಂದು ಕೇಳಿದವರಿಗೆ ಆ ನಾಲ್ಕು ಹರ್ಟ್ಸ್ ಎಷ್ಟು ದೊಡ್ಡ ಅಂತರ ಅಂತ ಗೊತ್ತಾಗುತ್ತದೆ.

ಹೊಸಬರು ಇಲ್ಲಿಂದಲೇ ಶುರು ಮಾಡಿ. ಹಾಡಿಲ್ಲದ ತಂಬೂರಿ ಧ್ವನಿಮುದ್ರಣ ಒಂದನ್ನು ಹಾಕಿ, ಗಾಂಧಾರ ಯಾವಾಗ ಏಳುತ್ತದೆ, ಯಾವಾಗ ಅಡಗುತ್ತದೆ ಅಂತ ಮಾತ್ರ ಹಿಂಬಾಲಿಸಿ. ನೀವೆಲ್ಲ ಯಾವ ವಾದ್ಯ ಕೇಳ್ತೀರಿ, ಹೇಗೆ ಕೇಳ್ತೀರಿ, ಬರೆಯಿರಿ.

ಕಿವಿಮಾತು

ನಾನು ಇದಕ್ಕೆ ಹೊಸಬಳು, ಮನಸಾರೆ ಇಷ್ಟಪಟ್ಟು ಕೂತುಕೊಳ್ತೀನಿ. ಮೊದಲ ಐದು ನಿಮಿಷ ಚೆನ್ನಾಗಿರುತ್ತೆ. ಆಮೇಲೆ ಏನೋ ಬರಬೇಕು, ಬರ್ತಿಲ್ಲ ಅನ್ನೋ ಚಡಪಡಿಕೆ ಶುರುವಾಗುತ್ತೆ. ಹಾಡು ಕೇಳಿ ಬೆಳೆದ ಕಿವಿ, ಪಲ್ಲವಿ ಆದಮೇಲೆ ಚರಣ ಕಾಯುತ್ತೆ. ಗಾಂಧಾರದ ವಿಷಯ ತುಂಬಾ ಉಪಯೋಗ ಆಯ್ತು ಸರ್. ಅದರ ಹಾಗೆ ಹಿಡಿದುಕೊಳ್ಳೋಕೆ ಇನ್ನೇನಾದರೂ ಇದೆಯಾ?

ಅಲೆಯೆಣಿಕೆ

ಇದೆ. ಮಿಡಿತ ಹಿಡಿಯಿರಿ.

ಫೋನಿನಲ್ಲಿ ಸ್ವರ ಹೊರಡಿಸುವ ಯಾವುದಾದರೂ ಆ್ಯಪ್ ತೆರೆದು 220 ಮತ್ತು 221 ಹರ್ಟ್ಸ್ ಒಟ್ಟಿಗೆ ನುಡಿಸಿ. ಎರಡು ಸ್ವರ ಕೇಳಿಸುವುದಿಲ್ಲ. ಒಂದೇ ಸ್ವರ ಕೇಳಿಸುತ್ತದೆ, ಅದು ಸೆಕೆಂಡಿಗೆ ಒಂದು ಸಲ ಏರಿ ಇಳಿಯುತ್ತದೆ. 222 ಮಾಡಿದರೆ ಎರಡು ಸಲ. ವ್ಯತ್ಯಾಸ ಎಷ್ಟೋ ಮಿಡಿತವೂ ಅಷ್ಟೇ. ಎರಡೂ ಒಂದಾದಾಗ ಮಿಡಿತ ನಿಂತು ಧ್ವನಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಈಗ ಪಂಚಮಕ್ಕೆ ಬನ್ನಿ. 220ರ ಶುದ್ಧ ಪಂಚಮ 330. ಪಿಯಾನೋ ಶ್ರುತಿಯಲ್ಲಿ ಅದು 329.6ರ ಆಸುಪಾಸು. ಅರ್ಧ ಹರ್ಟ್ಸ್ ಕೂಡ ಇಲ್ಲದ ಈ ಕೊರತೆ ಗೊತ್ತಾಗುವುದು ಉಪಸ್ವರಗಳಲ್ಲಿ. ಷಡ್ಜದ ಮೂರನೆಯ ಉಪಸ್ವರ 660, ಆ ಪಂಚಮದ ಎರಡನೆಯದು 659.3ರ ಹತ್ತಿರ. ಇವೆರಡೂ ಉಜ್ಜಿಕೊಂಡು ನಾಲ್ಕು ಸೆಕೆಂಡಿಗೆ ಸುಮಾರು ಮೂರು ಮಿಡಿತ ಹುಟ್ಟುತ್ತದೆ. ಹಾಡಿನಲ್ಲಿ ಸ್ವರ ಓಡುತ್ತಿರುವುದರಿಂದ ಇದನ್ನು ಎಣಿಸಲು ಪುರಸೊತ್ತಿಲ್ಲ. ಡ್ರೋನಿನಲ್ಲಿ ಪುರಸೊತ್ತೇ ಪುರಸೊತ್ತು. ಬ್ಯಾಗ್‌ಪೈಪ್ ನುಡಿಸುವಾಗ ರೀಡಿಗೆ (ಗಾಳಿಗೆ ಅದುರಿ ಸ್ವರ ಹುಟ್ಟಿಸುವ ಪಟ್ಟಿಗೆ) ತೇವ ಏರಿದಂತೆ, ಕೊಳವೆ ಬಿಸಿಯಾದಂತೆ ಮಿಡಿತದ ವೇಗ ಬದಲಾಗುತ್ತದೆ. ನಾನು ಕೇಳುವುದೇ ಅದನ್ನು. ಚರಣ ಕಾಯುವ ಕಿವಿಗೆ ಇದು ಕೆಲಸ ಕೊಡುತ್ತದೆ, ಮಾಡಿ ನೋಡಿ.

ಸಾರಣಿ

ಎಲ್ಲರ ಬರಹ ಓದಿದೆ. ನಾನು ಹಾಡುವವಳು, ಕರ್ನಾಟಕ ಸಂಗೀತ ಹೇಳಿಕೊಡುವವಳು. ಗಾಂಧಾರದ ಬಗ್ಗೆ ಮಂದ್ರಷಡ್ಜ ಅವರು ಬರೆದದ್ದಕ್ಕೆ ನನ್ನ ತಕರಾರಿಲ್ಲ. ನಾವೂ ದಿನಾ ಶ್ರುತಿ ಸೇರಿಸುವಾಗ ಹುಡುಕುವುದು ಅದನ್ನೇ. ಆದರೆ ಮುಖ್ಯ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ.

ಶ್ರುತಿ ಇರುವುದು ಸ್ವರಕ್ಕೆ ನೆಲೆಯಾಗಿ. ಒಂದು ರಿಷಭ ಶುದ್ಧವೋ ಚತುಶ್ಶ್ರುತಿಯೋ ಅಂತ ಅರ್ಥ ಬರುವುದು ಷಡ್ಜದಿಂದ ಅದು ಎಷ್ಟು ದೂರ ನಿಂತಿದೆ ಅನ್ನುವುದರಿಂದ. ನಾಗಸ್ವರದ ಜೊತೆಗೆ ಒತ್ತು ಊದುವವರನ್ನು ನೋಡಿ. ಕಛೇರಿ ಮುಗಿಯುವವರೆಗೂ ಉಸಿರು ಕಡಿಯದೆ ಒಂದೇ ಷಡ್ಜ. ಅಷ್ಟು ಕಷ್ಟದ ಕೆಲಸ ಮಾಡುವುದು ಪಕ್ಕದಲ್ಲಿ ತೋಡಿಯೋ ಕಲ್ಯಾಣಿಯೋ ಅರಳಲಿ ಅಂತ. ರಾಗವನ್ನು ತೆಗೆದು ಒತ್ತನ್ನು ಮಾತ್ರ ವೇದಿಕೆಗೆ ತಂದು ಇದೇ ಸಂಗೀತ ಅಂದರೆ, ಆ ಒತ್ತಿನವರ ಶ್ರಮಕ್ಕೆ ಇದ್ದ ಅರ್ಥವೇ ಹೋಗುತ್ತದಲ್ಲವೇ? ಕೋಪದಿಂದ ಕೇಳುತ್ತಿಲ್ಲ. ಯೋಚಿಸಿ ಹೇಳಿ.

ಮಂದ್ರಷಡ್ಜ

ಸಾರಣಿ ಅವರೇ, ಈ ಪ್ರಶ್ನೆ ಬರಲೇಬೇಕಿತ್ತು.

ಈ ಪ್ರಯೋಗಗಳಲ್ಲಿ ಬಹಳಷ್ಟು ನಿಮ್ಮ ದಾರಿಯಿಂದಲೇ ಹೊರಟಿವೆ. ಅಮೆರಿಕದ ಲಾ ಮಾಂಟ್ ಯಂಗ್ 1958ರಲ್ಲೇ ತಂತಿವಾದ್ಯಗಳ ತ್ರಯಕ್ಕೆ ಬಹಳ ದೀರ್ಘವಾದ ಸ್ವರಗಳಿಂದಲೇ ಕೃತಿ ಬರೆದವರು. 1960ರ ದಶಕದಲ್ಲಿ ಟೋನಿ ಕಾನ್ರಾಡ್, ಜಾನ್ ಕೇಲ್, ಮರಿಯನ್ ಜಜೀಲಾ ಅವರ ಜೊತೆ ಗಂಟೆಗಟ್ಟಲೆ ಒಂದೇ ಸ್ವರಗುಚ್ಛ ಹಿಡಿಯುವ ಪ್ರಯೋಗ ನಡೆಸಿದರು. 1970ರಲ್ಲಿ ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಗಾಯಕ ಪಂಡಿತ್ ಪ್ರಾಣನಾಥ್ ಅಮೆರಿಕಕ್ಕೆ ಹೋದಾಗ ಯಂಗ್, ಜಜೀಲಾ, ಟೆರಿ ರೈಲಿ ಅವರ ಶಿಷ್ಯರಾದರು. ಪ್ರಾಣನಾಥ್ 1996ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಆ ಸಂಬಂಧ ಮುರಿಯಲಿಲ್ಲ. ತಂಬೂರಿ ಶ್ರುತಿ ಮಾಡುವುದನ್ನೇ ಒಂದು ದೊಡ್ಡ ವಿದ್ಯೆಯಾಗಿ ಕಲಿತವರು ಇವರು.

ಇನ್ನು ನೆಲೆಯ ಮಾತು. ಶ್ರುತಿಯೇ ರಾಗದ ನೆಲೆ ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ನೆಲೆಗೂ ತನ್ನದೇ ಬದುಕಿದೆ. ಸಿ.ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಗಮನಿಸಿದ್ದು ಇದು: ಮೀಟಿದ ಜಾಗದಲ್ಲಿ ಯಾವ ಉಪಸ್ವರಕ್ಕೆ ಕಂಪನವೇ ಇಲ್ಲವೋ ಅದು ಲೆಕ್ಕದ ಪ್ರಕಾರ ಕೇಳಿಸಬಾರದು. ಆದರೆ ತಂಬೂರಿಯಲ್ಲಿ ಅದೂ ಜೋರಾಗಿ ಕೇಳಿಸುತ್ತದೆ. ಕಾರಣ ತಂತಿಗಳನ್ನು ಹೊತ್ತ ಅಗಲವಾದ, ತುಸು ಬಾಗಿದ ತುಂಡು, ಅಂದರೆ ಕುದುರೆ, ಮತ್ತು ಅದರ ಮೇಲಿನ ದಾರ. ತಂತಿ ಕಂಪಿಸುವಾಗ ಪ್ರತಿ ಸಲವೂ ಕುದುರೆಯ ಮೈಗೆ ಸವರಿಕೊಂಡು ಹೋಗುತ್ತದೆ, ಆ ಸವರುವಿಕೆಯಿಂದ ಮೇಲಿನ ಉಪಸ್ವರಗಳು ಮತ್ತೆ ಮತ್ತೆ ಹುಟ್ಟುತ್ತವೆ. ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಯಾವ ಉಪಸ್ವರ ಮುಂದೆ ಬರುತ್ತದೆ ಅನ್ನುವುದೇ ಬದಲಾಗುತ್ತದೆ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಹಾಡು ಶುರುವಾದ ಕೂಡಲೇ ಈ ಸೂಕ್ಷ್ಮವೆಲ್ಲ ಹಿಂದೆ ಸರಿಯುತ್ತದೆ, ಸರಿಯಲೇಬೇಕು. ಹಾಡಿಲ್ಲದಾಗ ಅದನ್ನು ಕೇಳುವುದರಿಂದ ರಾಗಕ್ಕೆ ಏನೂ ಕಡಿಮೆಯಾಗುವುದಿಲ್ಲ ಅಂತ ನನ್ನ ನಂಬಿಕೆ.

ಉಸಿರುಕೊಳವೆ

ತಂತಿಯ ಮಾತೇ ಆಯ್ತು, ಊದುವ ವಾದ್ಯಗಳ ಬಗ್ಗೆ ನಾನು ಬರೀತೀನಿ. ನನಗೆ ಡ್ರೋನ್ ಅಂದರೆ ಉಸಿರೇ.

ಜಪಾನಿನ ಆಸ್ಥಾನ ಸಂಗೀತವಾದ ಗಗಾಕು ಮೇಳದ ಶೋದಲ್ಲಿ 17 ಬಿದಿರು ಕೊಳವೆ, ಅದರಲ್ಲಿ ಎರಡು ಮೂಕ. ಉಳಿದ 15ರ ಬುಡದಲ್ಲಿ ಲೋಹದ ಪುಟ್ಟ ರೀಡು. ಊದಿದರೂ ನುಡಿಯುತ್ತೆ, ಒಳಗೆ ಎಳೆದರೂ ಅದೇ ಸ್ವರ ನುಡಿಯುತ್ತೆ. ಐದಾರು ಸ್ವರ ಒಟ್ಟಿಗೆ ಹಿಡಿದು ಉಸಿರಿನ ದಿಕ್ಕು ಬದಲಿಸುವಾಗ ಧ್ವನಿ ಕ್ಷಣಕಾಲ ತೆಳುವಾಗಿ ಮತ್ತೆ ತುಂಬಿಕೊಳ್ಳುತ್ತೆ. ಒಳಗೆ ಉಸಿರಿನ ತೇವ ಕೂತರೆ ರೀಡು ಕೆಡುತ್ತೆ ಅಂತ ವಾದಕರು ನುಡಿಸುವ ಮುಂಚೆ, ನಡುನಡುವೆ ವಾದ್ಯವನ್ನು ಬಿಸಿಯ ಮೇಲೆ ತಿರುಗಿಸುತ್ತಾ ಕಾಯಿಸುತ್ತಾರೆ. ಮಯೂಮಿ ಮಿಯಾತಾ ಅವರ ವಾದನ ಹುಡುಕಿ. ಜಾನ್ ಕೇಜ್ 1991ರಲ್ಲಿ ಅವರಿಗಾಗಿಯೇ ಬರೆದ ಕೃತಿಯಿದೆ. ಅದರಲ್ಲಿ ಮೌನವೂ ಬಹಳ, ಆದ್ದರಿಂದ ಅದನ್ನು ಅಪ್ಪಟ ಡ್ರೋನ್ ಅನ್ನೋಕಾಗಲ್ಲ. ಆದರೂ ಶೋ ಒಂದೇ ಹೇಗಿರುತ್ತೆ ಅಂತ ತಿಳಿಯೋಕೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಲಾವೋ ಜನರ ಖೇನ್ ಇದರ ಹತ್ತಿರದ ನೆಂಟ. ಅದರಲ್ಲೂ ಎಳೆದರೂ ಊದಿದರೂ ಒಂದೇ ಸ್ವರ. ವಾದಕರು ಒಂದೆರಡು ಕೊಳವೆಯ ರಂಧ್ರಕ್ಕೆ ಮೇಣದಂಥ ಅಂಟು ಮೆತ್ತಿಬಿಡುತ್ತಾರೆ, ಆ ಕೊಳವೆಗಳು ಪೂರ್ತಿ ಹೊತ್ತು ನುಡಿಯುತ್ತಲೇ ಇರುತ್ತವೆ. ಬೆರಳು ಉಳಿದ ಕೊಳವೆಗಳ ಮೇಲೆ ಓಡುತ್ತೆ. 2017ರಲ್ಲಿ ಖೇನ್ ಸಂಗೀತವನ್ನು ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು.

ಸಾರ್ಡೀನಿಯಾ ದ್ವೀಪದ ಲೌನೆಡ್ಡಾಸ್‌ಗೆ ಮೂರು ಬೆತ್ತದ ಕೊಳವೆ, ಮೂರನ್ನೂ ಒಟ್ಟಿಗೆ ಬಾಯಲ್ಲಿಟ್ಟು ಊದಬೇಕು. ಉದ್ದದ ಕೊಳವೆಗೆ ಬೆರಳಿಡುವ ರಂಧ್ರವೇ ಇಲ್ಲ, ಅದು ನಮ್ಮ ಒತ್ತಿನ ಕೆಲಸ ಮಾಡುತ್ತೆ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟು ಅದನ್ನು ಹೊರಗೆ ತಳ್ಳುತ್ತಲೇ ಮೂಗಿನಿಂದ ಉಸಿರು ಎಳೆಯೋದು. ಯಿಡಾಕಿಯಲ್ಲೂ ಇದೇ ಉಪಾಯ. ಈ ಉಸಿರಾಟವನ್ನು ಕಲಿಯುವವರು ನೀರಿನ ಲೋಟದಲ್ಲಿ ಕೊಳವೆಯಿಟ್ಟು ಗುಳ್ಳೆ ನಿಲ್ಲದ ಹಾಗೆ ಊದಿ ಅಭ್ಯಾಸ ಮಾಡ್ತಾರೆ.

ಪ್ರಯೋಗದ ಕಡೆಯಿಂದ ನನಗೆ ಎಲ್ಲರಿಗಿಂತ ಇಷ್ಟ ಯೋಶಿ ವಾಡಾ. ಇವರೂ ಪ್ರಾಣನಾಥರ ಬಳಿ ಕಲಿತವರು. ಕೊಳಾಯಿ ಕೆಲಸ ಬಲ್ಲವರು, ಅದೇ ನಲ್ಲಿ ಪೈಪುಗಳನ್ನು ಜೋಡಿಸಿ ಉದ್ದುದ್ದ ಕಹಳೆ ಮಾಡಿ 1970ರ ದಶಕದಲ್ಲಿ ನುಡಿಸಿದರು. ಮುಂದೆ ಬ್ಯಾಗ್‌ಪೈಪಿಗೆ ಹೊರಳಿದರು. 1982ರಲ್ಲಿ ಬಂದ ಅವರ ಧ್ವನಿಮುದ್ರಣ ನೀರಿಲ್ಲದ ಈಜುಕೊಳದಲ್ಲಿ ಮಾಡಿದ್ದು. ಮೊದಲು ಬರೀ ಕಂಠ, ಆಮೇಲೆ ಪೈಪು. ಗಂಟಲಿನಲ್ಲೂ ಚೀಲದಲ್ಲೂ ಒಂದೇ ಥರ ಒತ್ತಡ ಏರೋದು ಕೇಳಿಸುತ್ತೆ, ಎದೆಗೆ ತಾಗುತ್ತೆ. 2021ರಲ್ಲಿ ಅವರು ತೀರಿಕೊಂಡಾಗ ನನಗೆ ನಿಜಕ್ಕೂ ದುಃಖವಾಯ್ತು.

ಕಿವಿಮಾತು

ಅಲೆಯೆಣಿಕೆ ಅವರು ಹೇಳಿದ್ದು ಮಾಡಿದೆ! 220, 221 ಕೇಳಿದ ಮೇಲೆ ಬ್ಯಾಗ್‌ಪೈಪಿನಲ್ಲಿ ಮಿಡಿತ ತಾನಾಗಿ ಸಿಕ್ಕಿತು. ಆದರೆ ಯಿಡಾಕಿ ನನಗೆ ಬರೀ ಗರಗರ ಅಂತ ಕೇಳ್ತಿದೆ, ಆಳವೇ ಇಲ್ಲ. ಫೋನಿನ ಸ್ಪೀಕರಿನಲ್ಲೇ ಕೇಳ್ತಿರೋದು.

ಮೂಲೆಕುರ್ಚಿ

ಫೋನಿನ ಸ್ಪೀಕರ್ ಬಿಡಿ. ಯಿಡಾಕಿಯ ಮೂಲಸ್ವರ ಹಲವು ಸಲ 60ರಿಂದ 80 ಹರ್ಟ್ಸ್ ನಡುವೆ ಇರುತ್ತದೆ, ಆ ಪುಟ್ಟ ಸ್ಪೀಕರಿಗೆ ಅದನ್ನು ಎತ್ತುವ ಶಕ್ತಿಯಿಲ್ಲ. ಉಪಸ್ವರಗಳಿಂದ ಮಿದುಳು ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ ನಿಜ, ಆದರೆ ಮೈಗೆ ತಾಗುವುದಿಲ್ಲ. ಕಿವಿ ಮುಚ್ಚುವ ಹೆಡ್‌ಫೋನ್ ಆದೀತು. ಸಾಧಾರಣ ದೊಡ್ಡ ಸ್ಪೀಕರ್ ಇದ್ದರೆ ಇನ್ನೂ ಒಳ್ಳೆಯದು, ಯಾಕಂದರೆ ಡ್ರೋನಿಗೆ ಕೋಣೆಯೂ ಒಂದು ವಾದ್ಯ.

3.4 ಮೀಟರ್ ಉದ್ದದ ಕೋಣೆಯಲ್ಲಿ 50 ಹರ್ಟ್ಸ್ ಆಸುಪಾಸಿನ ಸ್ವರ ಎದುರುಬದುರು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಬಳಿ ಅದು ಅಬ್ಬರಿಸುತ್ತದೆ, ನಟ್ಟನಡುವೆ ಹೆಚ್ಚುಕಡಿಮೆ ಮಾಯ. ಅದೇ ಕಾರಣಕ್ಕೆ ನಾನು ಮೂಲೆಯಲ್ಲಿ ಕೂರುತ್ತೇನೆ. ಮೇಲಿನ ಉಪಸ್ವರಗಳಿಗೆ ಈ ಅಂತರ ಬಹಳ ಚಿಕ್ಕದು, ತಲೆ ಒಂದು ಗೇಣು ಆಚೀಚೆ ಆಡಿಸಿದರೂ ಒಂದು ಸ್ವರ ಹೋಗಿ ಇನ್ನೊಂದು ಬರುತ್ತದೆ. ಕೋಣೆಯಲ್ಲಿ ನಿಧಾನವಾಗಿ ನಡೆದು ನೋಡಿ. ಯಂಗ್ ಮತ್ತು ಜಜೀಲಾ ನ್ಯೂಯಾರ್ಕಿನಲ್ಲಿ ಬರೀ ಎಲೆಕ್ಟ್ರಾನಿಕ್ ಸ್ವರಗಳಿಂದ ತುಂಬಿಸಿದ ಕೋಣೆಯ ಕೆಲಸವೂ ಇದೇ: ನಡೆದಂತೆ ಸಂಗೀತ ಬದಲಾಗುತ್ತದೆ.

ಕೋಣೆಯ ಮಾತಿಗೆ ಅಮೆರಿಕದ ಸಂಗೀತಗಾರ್ತಿ ಪೌಲಿನ್ ಒಲಿವೆರೋಸ್ ಅವರನ್ನು ಬಿಡುವ ಹಾಗಿಲ್ಲ. 1988ರಲ್ಲಿ ಅವರು ಅಕಾರ್ಡಿಯನ್ ಹಿಡಿದು, ಸ್ಟುವರ್ಟ್ ಡೆಂಪ್‌ಸ್ಟರ್ ಟ್ರಾಂಬೋನ್ ಮತ್ತು ಡಿಜೆರಿಡೂ ಹಿಡಿದು, ಗಾಯಕ ಪನಯೋಟಿಸ್ ಜೊತೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ನೆಲದಡಿಯ ಖಾಲಿ ನೀರಿನ ತೊಟ್ಟಿಗೆ ಇಳಿದರು. ಅಲ್ಲಿ ಒಂದು ಸದ್ದು ಅಡಗಲು 45 ಸೆಕೆಂಡು. ನುಡಿಸಿದ್ದು ಯಾವುದು, ತೊಟ್ಟಿ ಹಿಂದಿರುಗಿಸಿದ್ದು ಯಾವುದು ಅಂತ ಬೇರ್ಪಡಿಸಲಾಗದು. ಧ್ವನಿಮುದ್ರಣ 1989ರಲ್ಲಿ ಬಂತು.

ಒಂದು ಎಚ್ಚರ. ಸ್ವರ ಅಲುಗಾಡದೆ ನಿಂತಾಗ ಜೋರು ಎಷ್ಟು ಅನ್ನುವುದು ಕಿವಿಗೆ ಮರೆತುಹೋಗುತ್ತದೆ. 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ, 90 ಆದರೆ ನಾಲ್ಕೇ ಗಂಟೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕಿವಿಯಲ್ಲಿ ಗುಂಯ್‌ಗುಡುವಿಕೆ ಉಳಿದರೆ ಅದು ಸಂಗೀತದ ಪರಿಣಾಮ ಅಂತ ಸಂತೋಷಪಡಬೇಡಿ, ಧ್ವನಿ ಇಳಿಸಿ.

ಗೆದ್ದಲುಮರ

ಯಿಡಾಕಿ, ಡಿಜೆರಿಡೂ ಅಂತ ಎಲ್ಲರೂ ಸಲೀಸಾಗಿ ಬರೀತಿದ್ದೀರಿ. ನನಗೆ ಒಂದು ವಿಷಯ ಹೇಳಲೇಬೇಕು ಅನ್ನಿಸಿತು. ಯಿಡಾಕಿ ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನ ಯೋಲ್ಙು ಜನರದು. ಗೆದ್ದಲು ಒಳಗೆ ತಿಂದು ಟೊಳ್ಳಾಗಿಸಿದ ನೀಲಗಿರಿ ಜಾತಿಯ ಮರವನ್ನು ತಟ್ಟಿ ತಟ್ಟಿ ಹುಡುಕಿ ತರ್ತಾರೆ. ಅವರಲ್ಲಿ ಅದು ಹಾಡಿನ ಜೊತೆ, ಕುಣಿತದ ಜೊತೆ, ವಿಧಿಗಳ ಜೊತೆ ನುಡಿಯುವ ವಾದ್ಯ, ನುಡಿಸುವಾಗ ನಾಲಿಗೆಯ ಹೊರಳು ತಾಳವನ್ನೇ ಕಟ್ಟುತ್ತೆ. ಪ್ರಯೋಗ ಮಾಡುವವರು ಬಹಳಷ್ಟು ಸಲ ಆ ತಾಳವನ್ನು ಕಿತ್ತುಹಾಕಿ ಗರಗರವನ್ನು ಮಾತ್ರ ಇಟ್ಟುಕೊಳ್ತಾರೆ. ಆಲ್ಬಮಿನ ಮೇಲೆ ಆ ಜನರ ಹೆಸರೂ ಇರಲ್ಲ, ಬರೀ ಲೋಕವಾದ್ಯ ಅಂತ ಇರುತ್ತೆ. ಸಾರಣಿ ಅವರು ಒತ್ತಿನ ಬಗ್ಗೆ ಕೇಳಿದ ಪ್ರಶ್ನೆಯೇ ಇಲ್ಲೂ ಇದೆ.

ಉಸಿರುಕೊಳವೆ

ಒಪ್ಪಿದೆ. ನಾನು ಕೊಳ್ಳುವ ಮುಂಚೆ ನೋಡುವುದು ಮೂರು: ವಾದ್ಯ ಯಾರದು ಅಂತ ಬರೆದಿದ್ದಾರಾ, ಯಾರ ಬಳಿ ಕಲಿತರು ಅಂತ ಹೇಳಿದ್ದಾರಾ, ಆ ಸಮುದಾಯದ ವಾದಕರು ಜೊತೆಯಲ್ಲಿದ್ದಾರಾ. ವಾಡಾ, ಯಂಗ್ ಗುರುವಿನ ಹೆಸರು ಮುಂದಿಟ್ಟುಕೊಂಡೇ ಕೆಲಸ ಮಾಡಿದವರು. ಗುರುತಿಲ್ಲದ ಸ್ಯಾಂಪಲ್ ತಂದು ಕಂಪ್ಯೂಟರಿನಲ್ಲಿ ಎಳೆದು ಉದ್ದ ಮಾಡಿದ್ದು ನನಗೆ ಬೇಡ. ಅದರಲ್ಲಿ ಉಸಿರೂ ಇರಲ್ಲ, ರೀಡು ಬಿಸಿಯಾಗೋದೂ ಇರಲ್ಲ. ಅದೇ ನಾಲ್ಕು ಸೆಕೆಂಡು ಸುತ್ತಿ ಸುತ್ತಿ ಬರುತ್ತೆ, ಕಿವಿ ಬೇಗ ಪತ್ತೆಹಚ್ಚಿಬಿಡುತ್ತೆ.

ಬಟ್ಟಲುನಾದ

ಟಿಬೆಟಿನ ಹೆಸರಲ್ಲಿ ಮಾರುವ ಲೋಹದ ಬಟ್ಟಲುಗಳ ಧ್ವನಿಯನ್ನು ಈ ಸಂಗೀತಕ್ಕೆ ಸೇರಿಸಬಹುದೇ? 432 ಹರ್ಟ್ಸಿನದು ಕಾಯಿಲೆ ಗುಣಪಡಿಸುತ್ತದೆ ಅಂತ ಬಹಳ ಕಡೆ ಓದಿದ್ದೇನೆ.

ಅಲೆಯೆಣಿಕೆ

ಬಟ್ಟಲು ಖಂಡಿತ ಸೇರುತ್ತದೆ. ಕೈಯಿಂದ ಬಡಿದು ಮಾಡಿದ ಬಟ್ಟಲು ಪೂರ್ತಿ ದುಂಡಗಿರುವುದಿಲ್ಲ, ಅದರಿಂದ ಪ್ರತಿ ಸ್ವರವೂ ತೀರ ಹತ್ತಿರದ ಎರಡು ಸ್ವರಗಳಾಗಿ ಸೀಳುತ್ತದೆ. ಆ ಓಂಕಾರದಂಥ ಅಲೆ ಇದೆಯಲ್ಲ, ಅದು ಇವೆರಡರ ಮಿಡಿತ. 432ಕ್ಕೆ ಯಾವ ವಿಶೇಷ ಗುಣವೂ ಇಲ್ಲ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಸೆಕೆಂಡು ಮನುಷ್ಯ ಗೊತ್ತುಮಾಡಿಕೊಂಡ ಅಳತೆ. ಕೇಳಿದರೆ ಮನಸ್ಸು ಹಗುರಾಗಬಹುದು, ಸಂತೋಷ. ಕಾಯಿಲೆಗೆ ವೈದ್ಯರ ಬಳಿ ಹೋಗಿ.

ಸಾರಣಿ

ಮತ್ತೆ ಬಂದೆ. ಮಂದ್ರಷಡ್ಜ ಅವರು ಹೇಳಿದ ಹಾಗೆ ಹಾಡದೆ ತಂಬೂರಿ ಮಾತ್ರ ಕೇಳುತ್ತಾ ಕೂತೆ. ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ಪಂಚಮದ ತಂತಿಯಿಂದಲೂ ಒಂದು ನಿಷಾದ ಏಳುತ್ತದೆ, ಮಂದ್ರ ಷಡ್ಜದ ಗಾಂಧಾರ ಎದ್ದ ಹಾಗೆಯೇ. ಪಂಚಮಕ್ಕೆ ಅದು ಗಾಂಧಾರವಾದ್ದರಿಂದ ಷಡ್ಜಕ್ಕೆ ಕಾಕಲಿ ನಿಷಾದವಾಗುತ್ತದೆ. ವಿದ್ಯಾರ್ಥಿಗಳಿಗೂ ಕೇಳಿಸಿದೆ. ಶಂಕರಾಭರಣದ ಗಾಂಧಾರ, ನಿಷಾದ ಎಲ್ಲಿ ನಿಲ್ಲಬೇಕು ಅಂತ ಅವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಬೇಗ ಗೊತ್ತಾಯಿತು.

ಹಾಗಂತ ನನ್ನ ನಿಲುವು ಬದಲಾಗಿಲ್ಲ. ನನಗೆ ಈಗಲೂ ಇದು ರಾಗದ ಬಾಗಿಲು. ಯೋಶಿ ವಾಡಾ ಅವರ ಕಂಠಭಾಗ ಕೇಳಿದೆ, ಸಾಧಕರ ಕಂಠ ಅನ್ನುವುದರಲ್ಲಿ ಸಂಶಯವಿಲ್ಲ. ಪೈಪಿನ ಭಾಗ ನನಗೆ ಸಹಿಸಲಾಗಲಿಲ್ಲ. ಒಂದು ಪ್ರಶ್ನೆ ಉಳಿದಿದೆ. ಬರಹದಲ್ಲಿ ಸ್ವರಲಿಪಿ ಇಲ್ಲದ, ಏರಿಳಿತವಿಲ್ಲದ ಇದನ್ನು ಒಬ್ಬರಿಂದ ಒಬ್ಬರು ಕಲಿಯುವುದು ಹೇಗೆ?

ಮಂದ್ರಷಡ್ಜ

ನೀವು ಕಲಿಸುವ ರೀತಿಯಲ್ಲೇ. ಫ್ರಾನ್ಸಿನ ಎಲಿಯಾನ್ ರಾಡಿಗ್ ದಶಕಗಟ್ಟಲೆ ಒಂದೇ ಸಿಂಥಸೈಜರ್ ಮತ್ತು ಟೇಪಿನಲ್ಲಿ ಕೆಲಸ ಮಾಡಿ, 2011ರಿಂದ ಒಂದು ಸರಣಿಯನ್ನು ಹೆಚ್ಚಾಗಿ ವಿದ್ಯುತ್ ಬೇಡದ ವಾದ್ಯಗಳಿಗೆ ರಚಿಸಿದರು. ಲಿಥುವೇನಿಯಾದ ಬಿರ್ಬಿನೆ ಅನ್ನುವ ಊದುವ ವಾದ್ಯಕ್ಕೂ ಅದರಲ್ಲಿ ಒಂದು ರಚನೆಯಿದೆ. ಸ್ವರಲಿಪಿ ಬರೆಯಲಿಲ್ಲ. ವಾದಕರು ಅವರ ಎದುರು ಕೂತು, ಮಾತಾಡಿ, ನುಡಿಸಿ, ತಿದ್ದಿಸಿಕೊಂಡು ಕಲಿತರು. ಆ ರಚನೆ ಆ ವಾದಕರದ್ದೇ. ಬೇರೆಯವರಿಗೆ ಬೇಕಾದರೆ ಕಲಿತವರಿಂದ ಕೇಳಿ ಕಲಿಯಬೇಕು.

ನಿಷಾದದ ವಿಷಯ ಬರೆದದ್ದಕ್ಕೆ ತುಂಬಾ ಧನ್ಯವಾದ ಸಾರಣಿ ಅವರೇ. ಒಂದು ಕೋರಿಕೆ: ಪಂಚಮವಿಲ್ಲದ ಹಿಂದೋಳಕ್ಕೆ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಿ ಕೇಳಿ. ಆಗ ಆ ತಂತಿಯಿಂದ ಏಳುವುದು ಧೈವತ, ಅದೂ ಚತುಶ್ಶ್ರುತಿ. ಹಿಂದೋಳದ ಧೈವತ ಶುದ್ಧ. ಮಂದ್ರ ಷಡ್ಜದ ಅಂತರ ಗಾಂಧಾರವೂ ಹಿಂದೋಳದ್ದಲ್ಲ. ರಾಗ ಒಂದು ಕಡೆ, ತಂಬೂರಿ ತಾನಾಗಿ ಹೇಳುವುದು ಇನ್ನೊಂದು ಕಡೆ. ಹಾಡುವಾಗ ನೀವು ಇದನ್ನು ಹೇಗೆ ನಿಭಾಯಿಸುತ್ತೀರಿ ಅಂತ ತಿಳಿಯುವ ಆಸೆ.

ಸಾರಣಿ

ಕುದುರೆಯ ಮೇಲಿನ ಆ ಜೀವಾಳಿ ದಾರ ಸರಿಸಿ ಮೇಲಿನ ಉಪಸ್ವರಗಳನ್ನು ತಗ್ಗಿಸುತ್ತೇವೆ, ಪೂರ್ತಿ ಹೋಗುವುದಿಲ್ಲ. ಉಳಿದದ್ದನ್ನು ಗಮಕ ನೋಡಿಕೊಳ್ಳುತ್ತದೆ, ಹಿಂದೋಳದ ಗಾಂಧಾರ ಅಲುಗಾಡುತ್ತಲೇ ಇರುತ್ತದೆ, ಆ ಅಂತರ ಗಾಂಧಾರದ ಜೊತೆ ತಿಕ್ಕಾಟಕ್ಕೆ ನಿಲ್ಲುವುದಿಲ್ಲ. ಇದನ್ನು ಹಾಡಿಯೇ ತೋರಿಸಬೇಕು. ಮೊದಲು ತಂಬೂರಿ ಮಾತ್ರ, ಆಮೇಲೆ ಆಲಾಪನೆ, ಎರಡನ್ನೂ ಬೇರೆ ಬೇರೆಯಾಗಿ ಧ್ವನಿಮುದ್ರಿಸಿ ಇಲ್ಲಿ ಹಾಕುತ್ತೇನೆ. ಅಲೆಯೆಣಿಕೆ ಅವರು ಮಿಡಿತ ಲೆಕ್ಕ ಹಾಕಿ ಹೇಳಲಿ.